ಜುಟ್ಟು ಸೇರಿಸಿ ಅಳೆದ ಎತ್ತರ

ತಮ್ಮನ ಮಗಳಿಗೆ ಮೂರನೇ ವರ್ಷದಲ್ಲಿ ಜಾವಳ ತೆಗೆಸಿದ ಮೇಲೆ ಅವಳ ಎತ್ತರ ಎರಡು ಬೆರಳು ಕಡಿಮೆಯಾಯಿತು. ಹೀಗೆ ಬರೆಯುವುದಕ್ಕೇ ನನಗೆ ಸಿಟ್ಟು ಬರುತ್ತದೆ. ಆದರೆ ತಂಬೂರಿನ ನಮ್ಮ ಮನೆಯಲ್ಲಿ ನಾಲ್ಕು ದಿನ ಎಲ್ಲರೂ ಆಡಿಕೊಂಡದ್ದು ಇದನ್ನೇ.

ಹರಕೆಯ ಕೂದಲೆಂದು ಹುಟ್ಟಿದಾಗಿನಿಂದ ಅದಕ್ಕೆ ಕತ್ತರಿ ಮುಟ್ಟಿಸಿರಲಿಲ್ಲ. ಎಣ್ಣೆ ಹಚ್ಚಿ ನೆತ್ತಿಯ ಮೇಲೆ ಗಟ್ಟಿಯಾಗಿ ಜುಟ್ಟು ಕಟ್ಟುತ್ತಿದ್ದರು. ಎರಡು ತಿಂಗಳ ಹಿಂದೆ ಅಂಗನವಾಡಿಯಲ್ಲಿ ಅಳೆಯುವಾಗ ಅದನ್ನು ಬಿಚ್ಚಲು ಅವ್ವ ಬಿಡಲಿಲ್ಲ. ಅಳತೆಪಟ್ಟಿ ಜುಟ್ಟಿನ ತುದಿಗೇ ಬಂದು ನಿಂತಿತು, ಬೆಳವಣಿಗೆಯ ಕಾರ್ಡಿನಲ್ಲಿ ಗುರುತು ಹಸಿರು ಬಣ್ಣದೊಳಗೆ ಬಿತ್ತು. ಅಲ್ಲಿಗೆ ಎಲ್ಲರ ಚಿಂತೆ ಮುಗಿಯಿತು. ಹುಡುಗಿ ಬೆಳಿಗ್ಗೆ ಚಹಾದಲ್ಲಿ ಟೋಸ್ಟ್ ಅದ್ದಿ ತಿಂದರೆ ಮಧ್ಯಾಹ್ನದವರೆಗೆ ಬೇರೇನೂ ಮುಟ್ಟುತ್ತಿರಲಿಲ್ಲ. ಮಳೆಗಾಲದುದ್ದಕ್ಕೂ ಭೇದಿ. ಅವಳಿಗೆ ಒಂದೂವರೆ ವರ್ಷ ತುಂಬುವ ಮೊದಲೇ ಇನ್ನೊಂದು ಕೂಸು ಹುಟ್ಟಿತ್ತು. ಮಕ್ಕಳ ಬೆಳವಣಿಗೆ ಕುಂಠಿತವಾಗುವುದಕ್ಕೆ ವಿಶ್ವವಿದ್ಯಾಲಯದಲ್ಲಿ ನಾನು ಎರಡು ವರ್ಷ ಓದಿದ ಕಾರಣಗಳೆಲ್ಲ ನಮ್ಮ ಒಂದೇ ಅಡುಗೆಮನೆಯಲ್ಲಿದ್ದವು. ಬಾಯಿ ತೆರೆದರೆ ಕಾರ್ಡು ತೋರಿಸುತ್ತಿದ್ದರು.

ಬೋಳುತಲೆಯಲ್ಲಿ ಮತ್ತೆ ಅಳೆದಾಗ ಗುರುತು ಹಸಿರಿನ ಗೆರೆಯಿಂದ ಕೆಳಗಿಳಿಯಿತು. ಅವ್ವ ಕ್ಷೌರದವನ ಕೈಗುಣವನ್ನು ಬೈದಳು. ಸೋದರಮಾವ ತೊಡೆಯ ಮೇಲೆ ಸರಿಯಾಗಿ ಕೂರಿಸಿಕೊಂಡಿರಲಿಲ್ಲ ಎಂದಳು. ನಾನು ಜುಟ್ಟಿನ ವಿಷಯ ಬಿಡಿಸಿ ಹೇಳಿದೆ, ಮೂರು ಸಲ.

"ಕೂದಲಾ ಬೆಳದ್ರ ಹುಡುಗೀನೂ ಬೆಳೀತಾಳ ಬಿಡಲೇ," ಎಂದಳು ಅವ್ವ. "ನಿನ್ನ ತಲ್ಯಾಗಂತೂ ಬರೂದಿಲ್ಲ, ಆಕೀಗರ ಬರಲಿ."

ತಮ್ಮ ನಕ್ಕ. ನಾನು ಅಂಗನವಾಡಿಯವರ ಮೇಲೆ ಹರಿಹಾಯ್ದೆ, ಅಳೆಯಲು ಬಾರದವರ ಕೈಗೆ ಪಟ್ಟಿ ಕೊಟ್ಟರೆ ಹೀಗೇ ಎಂದು. ರೊಟ್ಟಿ ಬಡಿಯುತ್ತಿದ್ದ ತಮ್ಮನ ಹೆಂಡತಿ ಕೈ ನಿಲ್ಲಿಸಿದಳು.

"ಪಟ್ಟಿ ಹಿಡದಾವ್ರು ನೀವ ಇದ್ರಿ, ಭಾವಾರ. ಟೀಚರ ಬರಕೊಂಡ್ರು ಅಷ್ಟ."

ಇರಬಹುದೇ? ನನ್ನ ನೆನಪಿನಲ್ಲಿ ಪಟ್ಟಿ ಹಿಡಿದ ಕೈಗೆ ಗಾಜಿನ ಬಳೆಗಳಿವೆ. ಎಣ್ಣೆಯ ಜುಟ್ಟು ನನ್ನ ಅಂಗೈಗೆ ತಾಗಿದ್ದೂ ನೆನಪಿದೆ. ಎರಡರಲ್ಲಿ ಒಂದನ್ನು ನಾನು ಆಮೇಲೆ ಮನಸ್ಸಿನಲ್ಲೇ ಕಟ್ಟಿಕೊಂಡಿದ್ದೇನೆ. ಯಾವುದೆಂದು ಈಗಲೂ ಹೇಳಲಾರೆ.

ಹಾಗಿದ್ದರೆ ಆಗಲೇ ಯಾಕೆ ಹೇಳಲಿಲ್ಲ ಎಂದು ಅವಳ ಮೇಲೆಯೇ ರೇಗಿದೆ. ಯಾರೂ ಕೇಳಲಿಲ್ಲ ಎಂದಳು. ಹೋದ ವರ್ಷ ಹೊಲಿಸಿದ ಲಂಗ ಮಗಳಿಗೆ ಈ ವರ್ಷವೂ ಪಾದ ಮುಚ್ಚುತ್ತಿತ್ತು, ಅವಳಿಗೆ ಕಾರ್ಡು ಬೇಕಿರಲಿಲ್ಲ. ಈಗ ಏನು ಮಾಡಲಿ, ಅಷ್ಟು ಹೇಳಿ ಎಂದಳು.

ಚಹಾ ಬಿಡಿಸು, ಬೇಳೆ ಶೇಂಗಾ ತಿನ್ನಿಸು, ನೀರು ಕಾಸಿ ಕುಡಿಸು, ಹಾಲು ಕೊಡು, ನೀನೂ ಕೊನೆಗೆ ಉಣ್ಣಬೇಡ ಎಂದೆ.

"ಹಾಲೆಲ್ಲಾ ಡೇರಿಗೆ ಹೋಗ್ತೈತ್ರಿ. ಅದನ್ನ ಅತ್ತಿಯವ್ರಿಗೆ ನೀವ ಹೇಳ್ರಿ."

ಅವ್ವ ಹಿತ್ತಲಲ್ಲಿ ಕ್ಯಾನು ತೊಳೆಯುತ್ತಿದ್ದಳು. ಅಲ್ಲಿಗೆ ಹೋಗಿ ನಿಂತಾಗ ಓದಿದ್ದೊಂದೂ ಬಾಯಿಗೆ ಬರಲಿಲ್ಲ. ದಿನಾ ಒಂದು ಲೋಟ ಮೊದಲು ಹುಡುಗಿಗೆ ತೆಗೆದಿಟ್ಟು ಉಳಿದದ್ದನ್ನು ಕಳಿಸು ಎಂದಷ್ಟೇ ಕೇಳಿಕೊಂಡೆ.

ಅವ್ವ ತಲೆ ಎತ್ತಲಿಲ್ಲ. "ಎರಡ ತಗದಿಡ್ತೇನಿ ತಗೋ. ಆದ್ರ ಕೂಸು ಗಿಡ್ಡ ಐತಿ ಅಂತ ಇನ್ನೊಮ್ಮೆ ಅನಬ್ಯಾಡ."