ಬಣ್ಣ ಬಿಡದ ಕೆಂಪು

ನಾನು ಓದಿದ್ದು ಎರಡನೆಯ ಇಯತ್ತೆ. ಮೊಮ್ಮಗಳ ಸಂಶೋಧನೆಯನ್ನು ಓಣಿಯವರಿಗೆ ತಿಳಿಸಿ ಹೇಳಲು ಹೋಗಿ ಸೋತು ಸುಣ್ಣವಾಗಿದ್ದೇನೆ.

ಬೆಟಗೇರಿಯ ನಮ್ಮ ಮಗ್ಗದ ಕೆಂಪು ಸೀರೆ ಮೊದಲ ಒಗೆತಕ್ಕೇ ಬಣ್ಣ ಬಿಡುತ್ತಿತ್ತು. ಕೊಂಡವರ ಬೈಗುಳ ಕೇಳುತ್ತಲೇ ಬೆಳೆದ ಹುಡುಗಿ ಈಗ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಿಂದ ಬಣ್ಣ ಹಿಡಿದಿಡುವ ಲೇಪ ಮಾಡಿದ್ದಾಳೆ. ಯಾವುದಕ್ಕೆ ಯಾವುದನ್ನು ಬೆರೆಸಿದರೆ ಕೆಲಸ ಆದೀತು ಎಂದು ಕೃತಕ ಬುದ್ಧಿಮತ್ತೆಯ ಕಂಪ್ಯೂಟರು ಮೊದಲೇ ಅಂದಾಜು ಹೇಳಿತಂತೆ.

ಲೇಪ ಹಚ್ಚಿದ ಕೆಂಪು ತುಂಡನ್ನು ಅವಳು ತಂದ ದಿನ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಓಣಿಯ ಹೆಂಗಸರನ್ನೆಲ್ಲ ಕರೆದು, ಚಹಾ ಕೊಟ್ಟು, ಬೋಗಾಣಿಯ ಬಿಸಿನೀರಿನಲ್ಲಿ ಅದನ್ನು ಗಸಗಸ ತಿಕ್ಕಿದೆ. ನೀರು ತಿಳಿಯಾಗಿಯೇ ಉಳಿಯಿತು. ನಾನು ಕುಣಿಯುವುದೊಂದು ಬಾಕಿ.

“ಮುಂದ ಏನಾಗ್ತೈತಿ, ಯಕ್ಕಾ?” ಎಂದಳು ಪಕ್ಕದ ಮನೆಯವಳು.

“ಆತಲ್ಲವಾ! ನೀರು ನೋಡು!”

“ನೀರಿಗೆ ಏನೂ ಆಗೇ ಇಲ್ಲಲ್ಲ. ಇದನ್ನ ನೋಡಾಕ ಒಲಿ ಮ್ಯಾಲಿನ ಸಾರು ಬಿಟ್ಟು ಬಂದ್ನಿ!”

ಎಲ್ಲರೂ ನಕ್ಕು ಎದ್ದು ಹೋದರು. ನನಗೆ ಅಳುವೇ ಬಂತು.

“ಏನೂ ಆಗಬಾರದಂತನ ಮಾಡೀನಿ, ಅಜ್ಜಿ,” ಎಂದು ಮೊಮ್ಮಗಳು ನಕ್ಕಳು.

ಅದನ್ನೇ ಅವರಿಗೆ ಹೇಳಲು ಬಾಗಿಲಿಗೆ ಓಡಿದೆ. ಓಣಿ ಖಾಲಿಯಾಗಿತ್ತು. ನೀರು ಚೆಲ್ಲಲು ಮನಸ್ಸಾಗದೆ ಬೋಗಾಣಿಯನ್ನು ಕಟ್ಟೆಯ ಮೇಲಿಟ್ಟು, ಸಂಜೆಯವರೆಗೂ ಹೋಗುವವರನ್ನೂ ಬರುವವರನ್ನೂ ಕರೆದು ತೋರಿಸಿದೆ. ಒಬ್ಬ ಮಾತ್ರ ನಿಂತ. ಅವನೂ ಅದರಲ್ಲಿ ಕೈ ತೊಳೆದುಕೊಂಡು ಹೋದ.