ನಾಲ್ಕನೇ ಮಹಡಿಯ ಕುರ್ಚಿ

ಏಳು ಮಹಡಿಯ ಆ ಹಳೆಯ ಕಚೇರಿ ಕಟ್ಟಡದಲ್ಲಿ ಎಲ್ಲರೂ ಅವನನ್ನು ಲಿಫ್ಟಣ್ಣ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷದಿಂದ ಅಲ್ಲಿ ಲಿಫ್ಟ್ ನಡೆಸುತ್ತಿದ್ದ. ಗುಂಡಿ ಒತ್ತಿದರೆ ತಾನಾಗಿ ಓಡುವ ಲಿಫ್ಟ್ ಅದಲ್ಲ. ಒಳಗೊಂದು ಹಿತ್ತಾಳೆಯ ಹಿಡಿ. ಬಲಕ್ಕೆ ತಿರುಗಿಸಿದರೆ ಮೇಲೆ, ಎಡಕ್ಕೆ ತಿರುಗಿಸಿದರೆ ಕೆಳಗೆ, ನಡುವೆ ತಂದರೆ ನಿಲ್ಲುತ್ತದೆ. ಬಾಗಿಲು ಕಬ್ಬಿಣದ ಜಾಲರಿಯದು. ಹಾಗಾಗಿ ಹಾದುಹೋಗುವ ಪ್ರತಿ ಮಹಡಿಯೂ ಸರಳುಗಳ ಸಂದಿಯಲ್ಲಿ ಕಾಣುತ್ತಿತ್ತು. "ದಿನಕ್ಕೆ ನೂರು ಸಲ ಮೇಲೇರ್ತೀನಿ, ಆದ್ರೂ ಮೇಲಕ್ಕೆ ಬರ್ಲಿಲ್ಲ ನೋಡಿ" ಎಂದು ಹತ್ತಿದವರನ್ನೆಲ್ಲ ನಗಿಸುತ್ತಿದ್ದ.

ಅವನಿಗೆ ಒಬ್ಬಳೇ ಮಗಳು, ಹದಿನೈದು ವರ್ಷ. ಕೂತಲ್ಲಿ ಕೂರದವಳೆಂದು ಅಜ್ಜಿ ಅವಳಿಗೆ ಬುಗುರಿ ಎಂದು ಹೆಸರಿಟ್ಟಿದ್ದಳು. ಮನೆಯಲ್ಲಿ ಅದು ಮುದ್ದಿನ ಹೆಸರು. ಶಾಲೆಯಲ್ಲಿ ಅದೇ ಗುಣ ಕುತ್ತಿಗೆಗೆ ಬಂತು. ಬರೆದ ಪುಸ್ತಕ ಮನೆಯಲ್ಲೇ ಬಿಟ್ಟು ಬರುವುದು, ಪ್ರಶ್ನೆ ಪೂರ್ತಿ ಕೇಳುವ ಮೊದಲೇ ಉತ್ತರ ಹೇಳುವುದು, ಪರೀಕ್ಷೆಯಲ್ಲಿ ಅರ್ಧ ಹಾಳೆ ಖಾಲಿ. ಹತ್ತನೇ ತರಗತಿಯ ಮೊದಲ ಪರೀಕ್ಷೆಯಲ್ಲಿ ನಾಲ್ಕು ವಿಷಯದಲ್ಲಿ ಫೇಲಾದಾಗ ಲೆಕ್ಕದ ಮೇಡಂ ಅವನನ್ನು ಕರೆಸಿದರು.

"ದಡ್ಡಿ ಅಲ್ಲ ಇವಳು. ಒಂದ್ಸಲ ಡಾಕ್ಟರಿಗೆ ತೋರ್ಸಿ" ಎಂದರು.

ಡಾಕ್ಟರು ಎರಡು ಮೂರು ಸಲ ಕರೆಸಿ, ಬುಗುರಿಯೊಂದಿಗೂ ತಾಯಿಯೊಂದಿಗೂ ಮಾತಾಡಿ, ಶಾಲೆಯಿಂದಲೂ ಬರೆಸಿ ತರಿಸಿಕೊಂಡು, ಇದಕ್ಕೆ ಎಡಿಎಚ್‌ಡಿ ಅಂತಾರೆ ಎಂದರು. "ಸೋಮಾರಿತನ ಅಲ್ಲ, ಹಟಾನೂ ಅಲ್ಲ. ಇವಳಿಗೆ ಗಮನ ಇಲ್ಲ ಅಂತಲ್ಲ, ಎಲ್ಲಾ ಕಡೆಗೂ ಒಟ್ಟಿಗೇ ಹೋಗುತ್ತೆ. ಮಾತ್ರೆ ಕೊಡ್ತೀನಿ. ಅದೊಂದೇ ಸಾಲದು. ಪಾಠಾನ ಚಿಕ್ಕ ಚಿಕ್ಕ ತುಂಡು ಮಾಡಿ. ಓಡಾಡ್ತಾ ಓದ್ತೀನಿ ಅಂದ್ರೆ ಓಡಾಡ್ಲಿ." ಆಮೇಲೆ ಅವನ ಕಡೆ ತಿರುಗಿ ಕೇಳಿದರು: "ನೀವು ಚಿಕ್ಕವರಿದ್ದಾಗ ಹೇಗಿದ್ರಿ?"

ಲಿಫ್ಟಣ್ಣ ಚೀಟಿ ಮಡಚಿ ಜೇಬಿಗಿಟ್ಟುಕೊಂಡು, ಮಾತ್ರೆ ಊಟಕ್ಕೆ ಮೊದಲೋ ಆಮೇಲೋ ಎಂದು ಕೇಳಿದ.

ಹೆಂಡತಿಯ ಬಟ್ಟೆ ಕಾರ್ಖಾನೆ ಬಿಡುತ್ತಿದ್ದುದು ಆರು ಗಂಟೆಗೆ. ಹಾಗಾಗಿ ಬುಗುರಿ ಶಾಲೆಯಿಂದ ಸೀದಾ ಅಪ್ಪನ ಲಿಫ್ಟಿಗೆ ಬರತೊಡಗಿದಳು. ಮಧ್ಯಾಹ್ನ ಮೂರೂವರೆಯಿಂದ ಐದರವರೆಗೆ ಅಲ್ಲಿ ಹತ್ತುವವರು ಕಡಿಮೆ. ಅವನು ಓದಿದ್ದು ಆರನೇ ತರಗತಿವರೆಗೆ. ಆದರೂ ರಟ್ಟಿನ ತುಂಡುಗಳ ಮೇಲೆ ಮಗಳಿಂದಲೇ ಒಂದೊಂದು ಪ್ರಶ್ನೆ ಬರೆಸಿಕೊಂಡ. ನೆಲಮಹಡಿಯಲ್ಲಿ ಅಕ್ಷರ ಕೂಡಿಸಿ ಪ್ರಶ್ನೆ ಓದುವುದು, ಏಳನೇ ಮಹಡಿ ಮುಟ್ಟುವುದರೊಳಗೆ ಅವಳು ಉತ್ತರ ಹೇಳುವುದು. ನಾಲ್ಕು ಹೆಜ್ಜೆಯ ಆ ಪೆಟ್ಟಿಗೆಯಲ್ಲಿ ಅವಳು ಅತ್ತಿಂದಿತ್ತ ತಿರುಗುತ್ತ, ಬೆರಳಿನಿಂದ ಸರಳುಗಳನ್ನು ತಟ್ಟುತ್ತ ಹೇಳುತ್ತಿದ್ದಳು. ಮೇಜಿನ ಮುಂದೆ ಹತ್ತು ನಿಮಿಷ ನಿಲ್ಲದಿದ್ದದ್ದು ಇಲ್ಲಿ ತಲೆಯಲ್ಲಿ ನಿಂತಿತು. ಎರಡು ವಾರದಲ್ಲಿ ಲೆಕ್ಕದ ಮೇಡಂ ಪುಸ್ತಕದಲ್ಲಿ "ಪರವಾಗಿಲ್ಲ" ಎಂದು ಬರೆದು ಕಳಿಸಿದರು. ಅವನು ಆ ಪುಟವನ್ನು ಲಿಫ್ಟ್ ಹತ್ತಿದ ಮೂರು ಜನರಿಗೆ ತೋರಿಸಿದ.

ಮೂರನೇ ವಾರದ ಒಂದು ಮಧ್ಯಾಹ್ನ ಲಿಫ್ಟ್ ನಾಲ್ಕನೇ ಮಹಡಿಯಲ್ಲಿ ನಿಂತಿತು.

ಅವನು ನಿಲ್ಲಿಸಿರಲಿಲ್ಲ. ಹಿಡಿ ಬಲಕ್ಕೇ ಇತ್ತು. ಯಾವ ಮಹಡಿಯವರು ಕರೆಯುತ್ತಿದ್ದಾರೆಂದು ತೋರಿಸುವ ಕರೆಗಂಟೆಯ ಹಲಗೆಯಲ್ಲಿ ನಾಲ್ಕರ ದೀಪ ಹತ್ತಿಕೊಂಡಿತ್ತು. ಆ ಮಹಡಿಗೆ ಬೀಗ ಬಿದ್ದು ಹನ್ನೊಂದು ವರ್ಷ. ಸರಳುಗಳಾಚೆ ಉದ್ದನೆಯ ಕಾರಿಡಾರ್, ಎರಡೂ ಬದಿಗೆ ಮುಚ್ಚಿದ ಬಾಗಿಲುಗಳು, ತುದಿಯಲ್ಲಿ ಧೂಳು ಹಿಡಿದ ಕಿಟಕಿ. ಕಿಟಕಿಯತ್ತ ಮುಖ ಮಾಡಿ ಒಂದು ಕುರ್ಚಿ. ಬುಗುರಿ ಉತ್ತರದ ನಡುವೆ ಇದ್ದಳು. ನಿಲ್ಲಿಸದೆ ಹೇಳಿ ಮುಗಿಸಿದಳು. ಕೊನೆಯ ಮಾತು ಮುಗಿದದ್ದೇ ದೀಪ ಆರಿತು, ಲಿಫ್ಟ್ ಮೇಲೆ ಹೊರಟಿತು.

ಮರುದಿನವೂ ಹಾಗೇ ಆಯಿತು. ಅದರ ಮರುದಿನವೂ.

"ಅಪ್ಪ, ಕುರ್ಚಿ ಈ ಕಡೆ ತಿರುಗಿದೆ" ಎಂದಳು ಬುಗುರಿ.

"ನಿನ್ನ ಗಮನ ಪಾಠದ ಮೇಲಿರ್ಲಿ."

"ಪಾಠದ ಮೇಲೂ ಇದೆ, ಅದರ ಮೇಲೂ ಇದೆ. ಮೊನ್ನೆ ಐದನೇ ಬಾಗಿಲ ಹತ್ರ ಇತ್ತು. ಇವತ್ತು ಮೂರನೇದರ ಹತ್ರ ಇದೆ. ಎಣಿಸಿ ನೋಡು ಬೇಕಾದ್ರೆ."

ಅವನು ಎಣಿಸಿದ. ಮೂರೇ. ಅವಳಿಗೆ ಭಯವಿದ್ದಂತೆ ಕಾಣಲಿಲ್ಲ. ಆಚೆ ಕೂತವರಿಗೆ ಕೇಳಲೆಂಬಂತೆ ಅವಳ ದನಿ ಮಾತ್ರ ತುಸು ಜೋರಾಗಿತ್ತು.

ಲಿಫ್ಟ್ ಮೆಕ್ಯಾನಿಕ್ ಬಂದು ಅರ್ಧ ದಿನ ತಡಕಾಡಿದ. ಕೈ ಒರೆಸಿಕೊಳ್ಳುತ್ತ, "ನಾಲ್ಕನೇ ಮಹಡಿ ಗಂಟೆಯ ವೈರ್ ಕಿತ್ತು ಎಷ್ಟೋ ವರ್ಷ ಆಗಿದೆ, ಅಣ್ಣ. ಆ ದೀಪ ಹತ್ತೋಕೆ ಸಾಧ್ಯಾನೇ ಇಲ್ಲ" ಎಂದ. "ಬೇರೆಯವರು ಹತ್ತಿದಾಗ ನಿಲ್ಲುತ್ತಾ?"

"ಇಲ್ಲ."

"ಮತ್ತೆ?"

"ಮಗಳು ಓದುವಾಗ ಮಾತ್ರ."

ಮೆಕ್ಯಾನಿಕ್ ಸಾಮಾನು ಚೀಲಕ್ಕೆ ತುಂಬಿಕೊಂಡು ಮೆಟ್ಟಿಲಲ್ಲೇ ಇಳಿದು ಹೋದ.

ಅಂದಿನಿಂದ ಲಿಫ್ಟಣ್ಣ ಮಗಳನ್ನು ಲಿಫ್ಟಿಗೆ ಹತ್ತಿಸಲಿಲ್ಲ. ನೆಲಮಹಡಿಯ ಬೆಂಚಿನ ಮೇಲೆ ಕೂರಿಸಿ, "ಇಲ್ಲೇ ಓದು" ಎಂದ. ಅವಳು ಹಾಳೆ ತಿರುವುತ್ತಿದ್ದಳು, ಎದ್ದು ನೀರು ಕುಡಿದು ಬರುತ್ತಿದ್ದಳು, ಬಾಗಿಲಲ್ಲಿ ಹೋಗಿಬರುವವರ ಚಪ್ಪಲಿ ನೋಡುತ್ತಿದ್ದಳು. ಅವನು ಪ್ರತಿ ಸಲ ಕೆಳಗೆ ಬಂದಾಗಲೂ ಅದೇ ಪುಟ. ಹತ್ತು ದಿನದ ನಂತರ ಲೆಕ್ಕದ ಕಿರುಪರೀಕ್ಷೆಯಲ್ಲಿ ಇಪ್ಪತ್ತೈದಕ್ಕೆ ಎರಡು ಬಂತು. ಆ ಹಾಳೆಯನ್ನು ಅವನ ಕೈಗೆ ಕೊಟ್ಟು ಅವಳು ಕೇಳಿದಳು: "ನನ್ನ ತಲೆ ಸರಿಯಿಲ್ಲ, ಅದಕ್ಕೇ ಏನೇನೋ ಕಾಣುತ್ತೆ ಅಂತ ನೀನೂ ಅಂದ್ಕೊಂಡ್ಯಾ?"

"ಇಲ್ಲ ಪುಟ್ಟಿ. ನಂಗೂ ಕಂಡಿದೆ."

"ಮತ್ಯಾಕೆ ನನ್ನ ಕೆಳಗೆ ಕೂರಿಸ್ದೆ?"

ಮರುದಿನ ಊಟದ ಬಿಡುವಿನಲ್ಲಿ ಅವನು ಕಾವಲುಗಾರನಿಂದ ನಾಲ್ಕನೇ ಮಹಡಿಯ ಬೀಗದ ಕೈ ಇಸಿದುಕೊಂಡ.

"ಅಲ್ಲೇನಿದೆ ಮಣ್ಣು" ಎಂದ ಕಾವಲುಗಾರ. "ಫೇಲಾದ ಮಕ್ಕಳಿಗೆ ಪಾಠ ಹೇಳ್ತಿದ್ದ ಟ್ಯುಟೋರಿಯಲ್ ಇತ್ತಲ್ಲ, ನೀನೇ ಆ ಮಕ್ಕಳನ್ನ ಹತ್ತಿಸ್ತಿದ್ದೆ. ಮುಚ್ಚಿ ಹೋಯ್ತು."

ಮೆಟ್ಟಿಲ ಕಡೆಯ ಬೀಗ ತುಕ್ಕು ಹಿಡಿದಿತ್ತು. ಎಣ್ಣೆ ಬಿಟ್ಟು ಕಾದ ಮೇಲೆ ತೆರೆಯಿತು. ಕಾರಿಡಾರಿನಲ್ಲಿ ಬೆರಳು ಹೂತುಹೋಗುವಷ್ಟು ಧೂಳು. ಅದರ ಮೇಲೆ ಒಂದು ಹೆಜ್ಜೆ ಗುರುತೂ ಇರಲಿಲ್ಲ. ಕುರ್ಚಿಯ ನಾಲ್ಕು ಕಾಲು ಎಳೆದ ಗೆರೆಗಳು ಮಾತ್ರ ಕಿಟಕಿಯಿಂದ ಲಿಫ್ಟಿನ ಕಡೆಗೆ ಬಂದಿದ್ದವು, ದಿನಕ್ಕಿಷ್ಟು ಎಂಬಂತೆ ಅಲ್ಲಲ್ಲಿ ನಿಂತು ನಿಂತು. ಅದು ವಿದ್ಯಾರ್ಥಿಗಳು ಕೂರುವ ಕುರ್ಚಿ. ಬಲಗೈ ಪಕ್ಕ ಬರೆಯಲು ಹಲಗೆ ಇತ್ತು. ಲಿಫ್ಟಣ್ಣ ಕೂರುವ ಜಾಗದ ಮೇಲೆ ಅಂಗೈ ಇಟ್ಟ. ಬೆಚ್ಚಗಿತ್ತು.

ಅವನು ಕೈ ಹಿಂದಕ್ಕೆ ಎಳೆದುಕೊಂಡ. ಆದರೂ ನಿಂತ.

"ಯಾರಿದ್ದೀರೋ ಗೊತ್ತಿಲ್ಲ" ಎಂದ. "ಮಗೂಗೆ ಪರೀಕ್ಷೆ ಇದೆ. ಹೆದರಿಸಬೇಡಿ. ಕೇಳ್ಬೇಕು ಅನ್ಸಿದ್ರೆ ಕೇಳಿ, ಪರವಾಗಿಲ್ಲ." ಹಿಂದಿರುಗಬೇಕೆಂದವನು ನಿಂತಲ್ಲೇ ನಿಂತು ಇನ್ನೂ ಹೇಳಿದ. ಚಿಕ್ಕಂದಿನಲ್ಲಿ ತಾನೂ ಹೀಗೇ ಇದ್ದುದನ್ನು, ಮೇಷ್ಟ್ರು ಕಾಲನ್ನು ಹಗ್ಗದಿಂದ ಬೆಂಚಿಗೆ ಕಟ್ಟಿ ಕೂರಿಸುತ್ತಿದ್ದುದನ್ನು, ಒಂದು ದಿನ ಹಗ್ಗ ಬಿಚ್ಚಿಕೊಂಡು ಹೋದವನು ಮತ್ತೆ ಶಾಲೆಯ ಕಡೆ ಹೋಗದೇ ಇದ್ದುದನ್ನು. ಹೆಂಡತಿಗೂ ಹೇಳದಿದ್ದ ಮಾತು ಅದು. ಕಾರಿಡಾರಿನಲ್ಲಿ ಯಾವ ಸದ್ದೂ ಇರಲಿಲ್ಲ. ಆದರೆ ಕಿವಿಗೊಟ್ಟು ಕೇಳುವವರ ಮುಂದೆ ಮಾತಾಡಿದಾಗ ಆಗುವ ಹಗುರ ಅವನಿಗೆ ಆಯಿತು. ಅದೇ ಅವನನ್ನು ಹೆಚ್ಚು ಹೆದರಿಸಿತು. ಬೀಗ ಹಾಕಿ ಮೆಟ್ಟಿಲಿಳಿದ.

ಅಂದು ಮಧ್ಯಾಹ್ನ ಮಗಳು ಬಂದಾಗ ಅವನು ಲಿಫ್ಟಿನ ಜಾಲರಿ ಎಳೆದು, "ಹತ್ತು" ಎಂದ. ಹಗ್ಗದ ಕತೆಯನ್ನು ಅವಳಿಗೂ ಹೇಳಿದ. ಅವಳು ಸ್ವಲ್ಪ ಹೊತ್ತು ಸರಳು ತಟ್ಟುವುದನ್ನು ಬಿಟ್ಟು, "ಯಾವ ಕಾಲು?" ಎಂದು ಕೇಳಿದಳು. ಅವನು ತೋರಿಸಿದ.

ಮತ್ತೆ ರಟ್ಟಿನ ತುಂಡುಗಳು ಹೊರಬಂದವು. ಬೆಳಿಗ್ಗೆ ಮಾತ್ರೆ, ಚೀಲದ ಮೇಲೆ ತಾಯಿ ಅಂಟಿಸಿದ, ಒಯ್ಯಬೇಕಾದ ಪುಸ್ತಕಗಳ ಪಟ್ಟಿ, ತರಗತಿಯಲ್ಲಿ ಮುಂದಿನ ಬೆಂಚು, ಪಾಠದ ನಡುವೆ ಒಂದು ಸಲ ಎದ್ದು ಹೋಗಿಬರಲು ಮೇಡಂ ಕೊಟ್ಟ ಅನುಮತಿ, ಮಧ್ಯಾಹ್ನ ಲಿಫ್ಟ್. ಪ್ರತಿದಿನ ನಾಲ್ಕರಲ್ಲಿ ನಿಲ್ಲುತ್ತಿತ್ತು. ತಿಂಗಳುಗಳು ಕಳೆದಂತೆ ಕುರ್ಚಿ ಎರಡನೇ ಬಾಗಿಲಿಗೆ ಬಂತು, ಮೊದಲನೆಯದಕ್ಕೆ ಬಂತು. ಲಿಫ್ಟಣ್ಣ ಆ ಕಡೆ ಬೆನ್ನು ಹಾಕಿ ಹಿಡಿಯನ್ನೇ ನೋಡುತ್ತಿದ್ದ.

ಹತ್ತನೇ ತರಗತಿಯ ಅಂತಿಮ ಲೆಕ್ಕದ ಪರೀಕ್ಷೆಯ ಹಿಂದಿನ ದಿನ ಲಿಫ್ಟ್ ನಿಂತಾಗ ಕುರ್ಚಿ ಜಾಲರಿಗೆ ತಾಗಿಕೊಂಡೇ ಇತ್ತು. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಬುಗುರಿ ಅದರ ಎದುರು ನಿಂತಳು. "ಲಂಬಕೋನ ತ್ರಿಭುಜದಲ್ಲಿ ವಿಕರ್ಣದ ಮೇಲಿನ ವರ್ಗ, ಉಳಿದೆರಡು ಬಾಹುಗಳ ಮೇಲಿನ ವರ್ಗಗಳ ಮೊತ್ತಕ್ಕೆ ಸಮ" ಎಂದು ಶುರು ಮಾಡಿ, ಗಾಳಿಯಲ್ಲಿ ಬೆರಳಿಂದ ಚಿತ್ರ ಬರೆದು, ಹೆಜ್ಜೆ ಹೆಜ್ಜೆಯಾಗಿ ಸಾಧಿಸಿದಳು. ಮುಗಿಯಿತು. ದೀಪ ಆರಲಿಲ್ಲ. ಲಿಫ್ಟ್ ಕದಲಲಿಲ್ಲ.

ಅವಳು ತುಸು ಯೋಚಿಸಿ, ಇನ್ನೂ ನಿಧಾನವಾಗಿ ಮೊದಲಿನಿಂದ ಹೇಳಿದಳು. ಆಮೇಲೆ ಬಾಗಿ ಕೇಳಿದಳು: "ಈಗ ಅರ್ಥ ಆಯ್ತಾ?"

ಕುರ್ಚಿಯ ಬರೆಯುವ ಹಲಗೆ ಕಿರ್ರೆಂದಿತು. ಯಾರೋ ಮೊಣಕೈ ಎತ್ತಿದಂತೆ. ಲಿಫ್ಟ್ ಮೇಲೆ ಹೊರಟಿತು.

ಪರೀಕ್ಷೆಗೆ ಶಾಲೆಯವರು ಅವಳಿಗೆ ಬೇರೆ ಕೋಣೆಯನ್ನೂ ಹೆಚ್ಚಿನ ಸಮಯವನ್ನೂ ಕೊಡಿಸಿದ್ದರು. ಎಲ್ಲ ವಿಷಯದಲ್ಲೂ ಪಾಸಾದಳು, ಲೆಕ್ಕದಲ್ಲಿ ನಲವತ್ಮೂರು. ಮೇಡಂ ಫೋನು ಮಾಡಿ ಹೇಳಿದಾಗ ಲಿಫ್ಟಣ್ಣ ಎರಡು ಮಹಡಿಗಳ ನಡುವೆ ಲಿಫ್ಟ್ ನಿಲ್ಲಿಸಿಕೊಂಡು ಕಣ್ಣೊರೆಸಿಕೊಂಡ. ಬುಗುರಿ ಈಗ ಮುಂದಕ್ಕೆ ಓದುತ್ತಿದ್ದಾಳೆ. ವರ್ಷಕ್ಕೆ ಮೂರು ಕೊಡೆ ಈಗಲೂ ಕಳೆಯುತ್ತಾಳೆ.

ಪರೀಕ್ಷೆ ಮುಗಿದ ಮೇಲೆ ಲಿಫ್ಟ್ ನಾಲ್ಕರಲ್ಲಿ ತಾನಾಗಿ ನಿಂತದ್ದಿಲ್ಲ. ಮರುವರ್ಷ ಆ ಮಹಡಿಯನ್ನು ಗುಡಿಸಿ ಸಾರಿಸಿ ಒಂದು ಕಚೇರಿಗೆ ಬಾಡಿಗೆಗೆ ಕೊಟ್ಟರು. ಗುಡಿಸಿದವರಿಗೆ ಅಲ್ಲಿ ಕುರ್ಚಿ ಸಿಗಲಿಲ್ಲ. ಕೆಲವು ದಿನಗಳ ಬಳಿಕ ಅಲ್ಲಿನ ಗುಮಾಸ್ತೆಯೊಬ್ಬಳು ಲಿಫ್ಟಿನಲ್ಲಿ ಕೇಳಿದಳು:

"ಲಿಫ್ಟಣ್ಣ, ನಮ್ಮ ಮಹಡಿಯಲ್ಲಿ ಮಧ್ಯಾಹ್ನ ಯಾರೋ ತ್ರಿಭುಜದ ಪಾಠ ಹೇಳ್ಕೊಳ್ತಿರ್ತಾರೆ. ಗೋಡೆ ಆಚೆಯಿಂದ ಬಂದ ಹಾಗೆ ಕೇಳುತ್ತೆ. ಯಾರದು?"

ಅವನು ಹಿಡಿಯನ್ನು ನಡುವೆ ತಂದು ಲಿಫ್ಟ್ ನಿಲ್ಲಿಸಿದ. "ಸರಿಯಾಗಿ ಹೇಳ್ತಾರಾ?" ಎಂದ.

"ಮಧ್ಯದಲ್ಲಿ ಒಂದು ಕಡೆ ತಪ್ಪುತ್ತೆ. ಮತ್ತೆ ಮೊದಲಿಂದ ಶುರು ಮಾಡ್ತಾರೆ."

"ಮಾಡ್ಲಿ ಬಿಡಿ" ಎಂದು ಅವನು ಜಾಲರಿ ಎಳೆದ.