ವಾಲ್ವು ಹೋದ ಸುದ್ದಿ

ತೊಂಬತ್ತರ ದಶಕದ ಕೊನೆ. ದಾವಣಗೆರೆಯ ಆಸ್ಪತ್ರೆಯಲ್ಲಿ ಅಪ್ಪ ಮಲಗಿದ್ದರು. ಹೃದಯದ ವಾಲ್ವು ಕೆಟ್ಟಿದೆ, ಆಪರೇಷನ್ ತಡವಾದರೆ ಜೀವಕ್ಕೇ ಕಷ್ಟ ಎಂದು ಡಾಕ್ಟರು ಮೂರು ಸಲ ಹೇಳಿದ್ದರು. ಅಪ್ಪ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. "ಮೊದ್ಲು ನನ್ನ ಆಂಪ್ಲಿಫೈಯರ್ ಸರಿ ಮಾಡ್ಸು, ಆಮ್ಯಾಲೆ ನೋಡಾಣ," ಅಂದರು. ಹೆದರಿಕೆಗೆ ಅದೊಂದು ನೆವ. ನನಗೆ ಮೈಯೆಲ್ಲ ಉರಿಯಿತು. ಆದರೂ ಮನೆಗೆ ಬಂದು ಅದರ ಹಿಂಬದಿಯ ತಗಡು ಬಿಚ್ಚಿದೆ.

ಗಾಜಿನ ಬಲ್ಬಿನಂಥ ವಾಲ್ವುಗಳ ಹಳೇ ಸೆಟ್ಟು ಅದು. ಹಚ್ಚಿ ಹತ್ತು ನಿಮಿಷಕ್ಕೆ ದನಿ ಒಡೆಯುತ್ತಿತ್ತು, ಎರಡು ದೊಡ್ಡ ವಾಲ್ವುಗಳಲ್ಲಿ ಎಡಗಡೆಯದರ ಒಳಗೆಲ್ಲ ಕೆಂಡದ ಹಾಗೆ ಕೆಂಪಾಗುತ್ತಿತ್ತು. ಆರಿಸಿ, ತಣ್ಣಗಾಗಲು ಬಿಟ್ಟು, ಎರಡನ್ನೂ ಅದಲುಬದಲು ಮಾಡಿ ಮತ್ತೆ ಹಚ್ಚಿದೆ. ಕೆಂಪು ಎಡಗಡೆಯೇ ಉಳಿದರೆ ದೋಷ ವೈರಿಂಗಿನದು, ವಾಲ್ವಿನ ಜೊತೆ ಬಲಕ್ಕೆ ಬಂದರೆ ವಾಲ್ವಿನದು. ಬಲಕ್ಕೆ ಬಂತು. ಅದನ್ನು ನೋಡುತ್ತಾ ಕೂತವನಿಗೆ ಅಪ್ಪನ ಎದೆ ನೆನಪಾಯಿತು; ಸ್ವಿಚ್ಚು ಆರಿಸಿದೆ.

ಹರಿಹರದಲ್ಲಿ ರೇಡಿಯೋ ರಿಪೇರಿಯ ಸಾಹೇಬರೊಬ್ಬರಿದ್ದರು. ಸೆಟ್ಟನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಒಯ್ದೆ. "ಇಂಥ ವಾಲ್ವು ಹಳೇ ಸ್ಟಾಕಿನಾಗೆ ಐತೇನೋ ಹುಡುಕ್ತೀನ್ರಿ," ಅಂದರು. ನಮ್ಮ ಮನೆಯಲ್ಲಿ ಫೋನಿರಲಿಲ್ಲ, ಪಕ್ಕದ ಮನೆಯ ನಂಬರ್ ಕೊಟ್ಟು ಬಂದೆ. ಆ ಮನೆಯಾಕೆಗೆ ಈ ವಿಷಯ ಹೇಳಿಡಬೇಕೆಂದು ನನ್ನ ಮಂಡೆಗೆ ಹೊಳೆಯಲಿಲ್ಲ.

ಮೂರನೇ ದಿನ ಆಕೆ ಓಡಿಬಂದು ಅಮ್ಮನಿಗೆ ಹೇಳಿದರಂತೆ: "ಅಕ್ಕಾ, ಫೋನ್ ಬಂದಿತ್ತು. ವಾಲ್ವು ಪೂರ್ತಿ ಹೋತಂತೆ. ಇನ್ನೇನೂ ಮಾಡಾಕಾಗಲ್ಲ, ಬಂದು ತಗಂಡು ಹೋಗ್ರಿ ಅಂದ್ರು." ಎಲ್ಲಿಂದ ಫೋನು ಅಂತ ಕೇಳುವ ವ್ಯವಧಾನ ಆಕೆಗೂ ಇರಲಿಲ್ಲ, ಅಮ್ಮನಿಗೂ ಇರಲಿಲ್ಲ.

ನಾನು ಅಪ್ಪನಿಗೆ ಗಂಜಿ ಕುಡಿಸುತ್ತಿದ್ದೆ. ಅಮ್ಮ ಬರಿಗಾಲಲ್ಲಿ, ಕೂದಲು ಬಿಚ್ಚಿಹೋಗಿ, ವಾರ್ಡಿನ ಬಾಗಿಲಲ್ಲಿ ನಿಂತು ಕೂಗಿದ ಕೂಗು ಈಗಲೂ ನನ್ನ ಕಿವಿಯಲ್ಲಿದೆ. ಮಂಚದ ಮೇಲೆ ಕೂತಿದ್ದ ಅಪ್ಪನನ್ನು ಕಂಡು ಅಲ್ಲೇ ಕುಸಿದಳು. ಬಿಕ್ಕುತ್ತಾ ಫೋನಿನ ಮಾತು ಹೇಳಿದಾಗ, ಅದು ಆಂಪ್ಲಿಫೈಯರಿನ ವಾಲ್ವಿನ ಮಾತು, ಹರಿಹರದ ಸಾಹೇಬರದ್ದಿರಬೇಕೆಂದು ನಾನು ತಡವರಿಸಿದೆ. ಯಾರೂ ನಗಲಿಲ್ಲ.

ಅಪ್ಪ ಗಂಜಿಯ ಬಟ್ಟಲು ಪಕ್ಕಕ್ಕೆ ಸರಿಸಿ ಅಮ್ಮನನ್ನು ನೋಡಿದರು.

"ನಾ ಹೋದ್ರೆ ಇವಳು ಹಿಂಗಾಗ್ತಾಳೆ," ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಡಾಕ್ಟರ್ನ ಕರಿ. ಸಹಿ ಎಲ್ಲಿ ಹಾಕ್ಬೇಕು ಕೇಳು," ಅಂದರು.